ಮೈಸೂರಿನ ಆರ್‌ಐಇ: ಅಲ್ಲಿ ಕಲಿಸಿದವರು, ಕಲಿತವರು ಏನು ಮಾಡಿದ್ದಾರೆ?

ಹೇಮಾವತಿ ದಂಡೆ

ನಮಸ್ಕಾರ ಎಲ್ಲರಿಗೂ. ಮಗಳು ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ (ಎಲ್ಲರೂ ಆರ್‌ಐಇ ಅಂತಾರಲ್ಲ, ಅದೇ) ನಾಲ್ಕು ವರ್ಷದ ಕೋರ್ಸಿಗೆ ಸೇರ್ತೀನಿ ಅಂತ ಹಟ ಹಿಡಿದಿದ್ದಾಳೆ. ನನಗೇನೂ ಅಡ್ಡಿಯಿಲ್ಲ. ನೆಂಟರಿಷ್ಟರದ್ದೇ ಕಾಟ. "ಮಾರ್ಕ್ಸ್ ಇಷ್ಟು ಚೆನ್ನಾಗಿದೆ, ಟೀಚರ್ ಆಗೋದಕ್ಕೆ ಕಳಿಸ್ತೀರಾ?" ಅಂತ ಒಬ್ಬರು, "ಅಲ್ಲಿ ಓದಿದವರು ಯಾರು ದೊಡ್ಡವರಾಗಿದ್ದಾರೆ ಹೇಳಿ ನೋಡೋಣ" ಅಂತ ಇನ್ನೊಬ್ಬರು.

ಹಾಗಾಗಿ ಇಲ್ಲಿ ಕೇಳ್ತಿದ್ದೀನಿ. ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳು, ಹಳೆ ವಿದ್ಯಾರ್ಥಿಗಳ ಸಾಧನೆ ಏನು? ಬ್ರೋಷರ್‌ನಲ್ಲಿ ಬರೆಯೋ ಹಾಗೆ ಬೇಡ, ಗೊತ್ತಿದ್ದದ್ದು ಹೇಳಿ ಸಾಕು.

ಗಂಗೋತ್ರಿ ಕ್ಯಾಂಟೀನ್

ಮೊದಲು ಸ್ವಲ್ಪ ಹಿನ್ನೆಲೆ ಹೇಳ್ತೀನಿ ಸರ್. ಅದಿಲ್ಲದೆ ಸಾಧನೆ ಅಂದರೆ ಯಾವುದರ ಸಾಧನೆ ಅಂತ ಗೊತ್ತಾಗಲ್ಲ.

1952–53ರಲ್ಲಿ ಲಕ್ಷ್ಮಣಸ್ವಾಮಿ ಮುದಲಿಯಾರ್ ಆಯೋಗ ಪ್ರೌಢಶಿಕ್ಷಣದ ಬಗ್ಗೆ ವರದಿ ಕೊಟ್ಟಿತು. ಬರೀ ಪುಸ್ತಕದ ಓದಲ್ಲ, ಕೃಷಿ, ತಂತ್ರಜ್ಞಾನ, ವಾಣಿಜ್ಯ ಎಲ್ಲ ಇರುವ ವಿವಿಧೋದ್ದೇಶ ಶಾಲೆಗಳು ಬೇಕು ಅಂದಿತು. ಶಾಲೆಗಳೇನೋ ಬಂದವು, ಅಲ್ಲಿ ಕಲಿಸೋರು ಎಲ್ಲಿಂದ ಬರಬೇಕು? 1961ರಲ್ಲಿ ಎನ್‌ಸಿಇಆರ್‌ಟಿ (ಶಾಲಾ ಪಠ್ಯ, ಶಿಕ್ಷಕರ ತರಬೇತಿ ನೋಡಿಕೊಳ್ಳೋ ಕೇಂದ್ರದ ಸಂಸ್ಥೆ) ಹುಟ್ಟಿತು. ಅದರ ಕೆಳಗೆ 1963ರ ಸುಮಾರಿಗೆ ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರು ಈ ನಾಲ್ಕು ಕಡೆ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಶುರುವಾದವು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು ಸಲಹೆ ಕೊಡೋಕೆ ಬಂದಿದ್ದರು. ಆಗ ಇದರ ಹೆಸರು ಆರ್‌ಸಿಇ. ಆರ್‌ಐಇ ಆಗಿದ್ದು ತೊಂಬತ್ತರ ದಶಕದಲ್ಲಿ. ಹಳೇ ಮೈಸೂರಿನ ಆಟೋದವರು ಈಗಲೂ "ರೀಜನಲ್ ಕಾಲೇಜಾ?" ಅಂತಲೇ ಕೇಳೋದು.

ಡಿಗ್ರಿ ಕೊಡೋದು ಮೈಸೂರು ವಿಶ್ವವಿದ್ಯಾಲಯ, ನಡೆಸೋದು ಎನ್‌ಸಿಇಆರ್‌ಟಿ. ಪಕ್ಕದಲ್ಲೇ ಆ ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿ. ಒಂದೇ ಆವರಣದಲ್ಲಿ ಕಾಲೇಜು, ಹಾಸ್ಟೆಲು, ಜೊತೆಗೆ ಡಿಎಂ (ಡೆಮಾನ್‌ಸ್ಟ್ರೇಶನ್) ಸ್ಕೂಲ್ ಅಂತ ಒಂದು ಪೂರ್ತಿ ಶಾಲೆ. ಕರ್ನಾಟಕವಲ್ಲದೆ ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಪುದುಚೇರಿಯ ಮಕ್ಕಳು ಬರ್ತಾರೆ. ಲಕ್ಷದ್ವೀಪಕ್ಕೂ ಇದೇ ಕಾಲೇಜು.

ಬಿಎಸ್ಸಿ, ಬಿಎಡ್ ಎರಡನ್ನೂ ಸೇರಿಸಿ ನಾಲ್ಕು ವರ್ಷ ಓದಿಸೋ ಪದ್ಧತಿ ನಮ್ಮ ದೇಶದಲ್ಲಿ 1960ರಲ್ಲಿ ಕುರುಕ್ಷೇತ್ರದಲ್ಲಿ ಶುರುವಾಗಿತ್ತು. ಅದನ್ನು ದಶಕಗಟ್ಟಲೆ ಬಿಡದೆ ನಡೆಸಿದ್ದು ಈ ನಾಲ್ಕು ಕಾಲೇಜುಗಳು. 2020ರ ಶಿಕ್ಷಣ ನೀತಿ ಈಗ ನಾಲ್ಕು ವರ್ಷದ ಕೋರ್ಸೇ ಸರಿ, 2030ಕ್ಕೆ ಟೀಚರ್ ಆಗೋಕೆ ಅದೇ ಕನಿಷ್ಠ ಅರ್ಹತೆ ಆಗಲಿ ಅಂತಿದೆ. ನನ್ನ ಕೇಳಿದರೆ ಅರವತ್ತು ವರ್ಷ ಒಂದು ಪ್ರಯೋಗವನ್ನು ಕೈಬಿಡದೆ ನಡೆಸಿದ್ದೇ ಈ ಸಂಸ್ಥೆಯ ಮೊದಲ ಸಾಧನೆ. ಬೇರೆಯವೆಲ್ಲ ಆಮೇಲೆ.

ಬಳಪ

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡ್ತೀನಿ. ಬಿಎಡ್ ಮಾಡಿದ್ದು ಬೇರೆ ಕಾಲೇಜಲ್ಲಿ. ಹೆಸರು ಬೇಡ.

"ಯಾರು ದೊಡ್ಡವರಾಗಿದ್ದಾರೆ" ಅನ್ನೋ ಪ್ರಶ್ನೆ ಬಗ್ಗೆಯೇ ನನಗೆ ತಕರಾರಿದೆ. ನಮ್ಮ ಕಾಲೇಜು ಒಂದು ಸ್ಮರಣ ಸಂಚಿಕೆ ತಂದಿತ್ತು. "ನಮ್ಮ ಹೆಮ್ಮೆಯ ಹಳೆ ವಿದ್ಯಾರ್ಥಿಗಳು" ಅಂತ ಬಣ್ಣದ ಪುಟಗಳು. ತಹಶೀಲ್ದಾರರು, ಡಿವೈಎಸ್ಪಿ, ಒಬ್ಬ ಶಾಸಕರು, ಅಮೆರಿಕದಲ್ಲಿ ಪಿಎಚ್‌ಡಿ ಮಾಡಿದವರು, ಟಿವಿಯಲ್ಲಿ ಬರೋರು, ಕವಿಗಳು. ಓದ್ತಾ ಓದ್ತಾ ನನಗೆ ಹೊಳೆದದ್ದು, ಆ ಪಟ್ಟಿಯಲ್ಲಿ ಇನ್ನೂ ತರಗತಿಯಲ್ಲಿ ನಿಂತು ಪಾಠ ಮಾಡೋರು ಒಬ್ಬರೂ ಇಲ್ಲ! ಟೀಚರುಗಳನ್ನು ತಯಾರು ಮಾಡೋ ಕಾಲೇಜು ಹೆಮ್ಮೆ ಪಡೋದು ಟೀಚರ್ ಕೆಲಸ ಬಿಟ್ಟು ಹೋದವರ ಬಗ್ಗೆ. ನರ್ಸಿಂಗ್ ಕಾಲೇಜೋ ಐಟಿಐಯೋ ಹೀಗೆ ಮಾಡಿದ್ದು ನಾನಂತೂ ನೋಡಿಲ್ಲ.

ಆರ್‌ಐಇ ಕಥೆ ಗೊತ್ತಿಲ್ಲ. ಅಲ್ಲಿ ಓದಿದವರು ನನ್ನ ಸಹೋದ್ಯೋಗಿಗಳಲ್ಲಿದ್ದಾರೆ, ಚೆನ್ನಾಗಿ ಪಾಠ ಮಾಡ್ತಾರೆ. ಅವರ ಹೆಸರು ಯಾವ ಸಂಚಿಕೆಯಲ್ಲೂ ಬಂದಿರಲ್ಲ ಅಂತ ಮಾತ್ರ ಬಾಂಡ್ ಪೇಪರ್ ಮೇಲೆ ಬರೆದುಕೊಡ್ತೀನಿ.

ಸುಣ್ಣದ ಕೇರಿ

ಬಳಪ ಮೇಡಂ, ಹೊಟ್ಟೆಕಿಚ್ಚಿನ ವಾಸನೆ ಬರ್ತಿದೆ 😀 ತಹಶೀಲ್ದಾರ್ ಆಗೋದೇನು ತಪ್ಪೇ?

ಬಳಪ

ತಪ್ಪಂತ ಎಲ್ಲಿ ಹೇಳಿದೆ? ಆಗಲಿ, ಸಂತೋಷ. ಅದು ಬಿಎಡ್ ಕಾಲೇಜಿನ ಸಾಧನೆ ಹೇಗಾಯ್ತು ಅಂತ ಕೇಳಿದೆ ಅಷ್ಟೇ. ಕೆಎಎಸ್ ಪರೀಕ್ಷೆಗೆ ಪಾಠಯೋಜನೆ ಬರೆಸ್ತಾರಾ?

ನಿವೃತ್ತ ಗಣಿತ

ಅಧ್ಯಾಪಕರ ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ.

ಪ್ರೊ. ಜಿ. ರವೀಂದ್ರ ಎಂಬ ಹೆಸರು ಎಷ್ಟು ಜನರಿಗೆ ಗೊತ್ತು? ಪ್ರಾದೇಶಿಕ ಕಾಲೇಜುಗಳ ವ್ಯವಸ್ಥೆಯಲ್ಲೇ ಗಣಿತ ಕಲಿಸಿದವರು, ಮೈಸೂರಿನಲ್ಲಿ ಪ್ರಾಂಶುಪಾಲರಾಗಿದ್ದವರು. ಮುಂದೆ ಎನ್‌ಸಿಇಆರ್‌ಟಿಯಲ್ಲಿ ಜಂಟಿ ನಿರ್ದೇಶಕರಾಗಿ, ನಿರ್ದೇಶಕರ ಪ್ರಭಾರವನ್ನೂ ಹೊತ್ತರು. ಹುದ್ದೆಗಳ ಮಾತು ಅಲ್ಲಿಗಿರಲಿ. 1976ರಲ್ಲಿ ಐಐಟಿ ಮದ್ರಾಸಿನ ಕೆ.ಆರ್. ಪಾರ್ಥಸಾರಥಿಯವರ ಜೊತೆ ಅವರು ಪ್ರಕಟಿಸಿದ ಒಂದು ಪ್ರಬಂಧ ಗ್ರಾಫ್ ಸಿದ್ಧಾಂತದ ಪುಸ್ತಕಗಳಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. (ಸಂಭವನೀಯತೆಯ ಸಿದ್ಧಾಂತದಲ್ಲಿ ಹೆಸರು ಮಾಡಿದ ಕೆ.ಆರ್. ಪಾರ್ಥಸಾರಥಿ ಬೇರೆಯವರು, ದೆಹಲಿಯ ಐಎಸ್‌ಐನವರು. ಇಬ್ಬರನ್ನೂ ಕಲಸುವವರು ಬಹಳ.)

ವಿಷಯ ಏನು ಅಂದರೆ ಇದು. ಶಾಲೆಯಲ್ಲಿ ಪರೀಕ್ಷೆಯ ವೇಳಾಪಟ್ಟಿ ಹಾಕುತ್ತೀರಿ ಅಂದುಕೊಳ್ಳಿ. ಒಂದೊಂದು ವಿಷಯಕ್ಕೆ ಒಂದೊಂದು ಚುಕ್ಕಿ. ಎರಡು ವಿಷಯಗಳನ್ನೂ ತೆಗೆದುಕೊಂಡ ಒಬ್ಬ ವಿದ್ಯಾರ್ಥಿಯಿದ್ದರೂ ಆ ಎರಡು ಚುಕ್ಕಿಗಳ ನಡುವೆ ಗೆರೆ ಎಳೆಯಿರಿ. ಗೆರೆ ಇರುವ ಎರಡು ವಿಷಯ ಒಂದೇ ಹೊತ್ತಿಗೆ ಬರಬಾರದು. ಹೊತ್ತಿಗೊಂದು ಬಣ್ಣ ಕೊಟ್ಟರೆ, ಒಟ್ಟು ಕನಿಷ್ಠ ಎಷ್ಟು ಬಣ್ಣ ಬೇಕು ಅನ್ನುವುದು ಪ್ರಶ್ನೆ. ಎಲ್ಲಕ್ಕೂ ಎಲ್ಲದರ ಜೊತೆ ಗೆರೆ ಇರುವ ಚುಕ್ಕಿಗಳ ಗುಂಪಿದ್ದರೆ ಅದರಲ್ಲಿ ಎಷ್ಟು ಚುಕ್ಕಿಯೋ ಅಷ್ಟು ಬಣ್ಣವಂತೂ ಬೇಕೇ ಬೇಕು. ಅತಿ ದೊಡ್ಡ ಗುಂಪಿನಷ್ಟೇ ಬಣ್ಣ ಸಾಕಾದರೆ, ಚುಕ್ಕಿ–ಗೆರೆಗಳ ಈ ನಕ್ಷೆಯಿಂದ (ಇದೇ ಗ್ರಾಫ್) ಯಾವ ಚುಕ್ಕಿಗಳನ್ನು ಅಳಿಸಿದರೂ ಉಳಿದದ್ದಕ್ಕೆ ಅದೇ ಮಾತು ನಿಂತರೆ, ಅದು ಪರ್ಫೆಕ್ಟ್ ಗ್ರಾಫ್.

ಎಲ್ಲ ನಕ್ಷೆಗಳೂ ಹಾಗಿರುವುದಿಲ್ಲ. ಐದು ಚುಕ್ಕಿಗಳನ್ನು ಉಂಗುರದ ಹಾಗೆ ಜೋಡಿಸಿ ನೋಡಿ. ದೊಡ್ಡ ಗುಂಪು ಎರಡರದ್ದೇ, ಬಣ್ಣ ಮಾತ್ರ ಮೂರು ಬೇಕು. ಫ್ರಾನ್ಸಿನ ಕ್ಲಾಡ್ ಬೆರ್ಜ್ ಅರವತ್ತರ ದಶಕದ ಆರಂಭದಲ್ಲಿ ಒಂದು ಊಹೆ ಮುಂದಿಟ್ಟರು: ಐದು ಅಥವಾ ಅದಕ್ಕಿಂತ ಹೆಚ್ಚು ಚುಕ್ಕಿಗಳ ಇಂಥ ಬೆಸ ಉಂಗುರ ನಕ್ಷೆಯೊಳಗೆ ಇಲ್ಲದಿದ್ದರೆ, ಗೆರೆ ಇದ್ದಲ್ಲಿ ಅಳಿಸಿ ಇಲ್ಲದಲ್ಲಿ ಎಳೆದ ತಿರುವು ನಕ್ಷೆಯಲ್ಲೂ ಇಲ್ಲದಿದ್ದರೆ, ಅದು ಪರ್ಫೆಕ್ಟ್. ಹೇಳುವುದು ಸುಲಭ, ಸಾಧಿಸುವುದು ನಾಲ್ಕು ದಶಕ ಹಿಡಿಯಿತು. 2002ರಲ್ಲಿ ಚುಡ್ನೋವ್‌ಸ್ಕಿ, ರಾಬರ್ಟ್‌ಸನ್, ಸೆಯ್ಮೋರ್, ಥಾಮಸ್ ನಾಲ್ವರೂ ಊಹೆಯನ್ನು ಪೂರ್ತಿಯಾಗಿ ಸಾಧಿಸಿ ತೋರಿಸಿದರು. 2006ರಲ್ಲಿ ಅದು ಅಚ್ಚಾಯಿತು. ಅದಕ್ಕೆ ಕಾಲು ಶತಮಾನ ಮೊದಲೇ, ಒಂದು ಚುಕ್ಕಿಯಿಂದ ಮೂರು ಗೆರೆ ಹೊರಟು ಆ ಮೂರು ತುದಿಗಳ ನಡುವೆ ಗೆರೆಯೇ ಇಲ್ಲದ ಆಕಾರ ("ಕ್ಲಾ" ಎನ್ನುತ್ತಾರೆ) ಇರದ ಎಲ್ಲ ನಕ್ಷೆಗಳಿಗೂ ಬೆರ್ಜ್ ಊಹೆ ನಿಜ ಎಂದು ತೋರಿಸಿದವರು ಪಾರ್ಥಸಾರಥಿ ಮತ್ತು ರವೀಂದ್ರ. ಮೇನಿಯಲ್ ಗ್ರಾಫ್ ಎಂಬ ಇನ್ನೊಂದು ಬಗೆಯ ನಕ್ಷೆಗಳ ಬಗ್ಗೆ 1982ರಲ್ಲಿ ರವೀಂದ್ರ ಒಬ್ಬರೇ ಬರೆದ ಪುಟ್ಟ ಪ್ರಬಂಧ ಇನ್ನೊಂದಿದೆ, ನಾಲ್ಕೇ ಪುಟ.

ಬಿಎಡ್ ಕಾಲೇಜಿನ ಮೇಷ್ಟ್ರು ಅಂದರೆ ಚಾರ್ಟು ಅಂಟಿಸುವುದು ಹೇಳಿಕೊಡುವವರು ಅಂದುಕೊಂಡ ನೆಂಟರಿಗೆ ಇದನ್ನು ಓದಿ ಹೇಳಿ.

ಗಂಗೋತ್ರಿ ಕ್ಯಾಂಟೀನ್

ಸರ್, ಇದನ್ನು ಇಷ್ಟು ಸಲೀಸಾಗಿ ಕನ್ನಡದಲ್ಲಿ ಓದಿದ್ದು ಇದೇ ಮೊದಲು. ಉಳಿಸಿಟ್ಟುಕೊಂಡೆ.

ಹಡ್ಸನ್ ಕನ್ನಡಿಗ

ನ್ಯೂಜೆರ್ಸಿಯಿಂದ. ಕೆಲಸದ ಮೇಲೆ ಆಗಾಗ ಮ್ಯಾನ್‌ಹಟನ್‌ಗೆ ಹೋಗ್ತೀನಿ. ಅಲ್ಲಿ 120ನೇ ಬೀದಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿದೆ. 1887ರಲ್ಲಿ ಶುರುವಾಗಿದ್ದು. ಬೀದಿಯ ಒಂದು ಕಡೆ ಟೀಚರ್ಸ್ ಕಾಲೇಜು, ಇನ್ನೊಂದು ಕಡೆ ಮುಖ್ಯ ಕ್ಯಾಂಪಸ್. "ಜಗತ್ತಿನ ಅತಿ ಅಗಲದ ಬೀದಿ" ಅಂತ ಇದಕ್ಕೆ ಹಳೇ ಕುಹಕವೊಂದಿದೆ, ಆ ಕಡೆಯ ಪ್ರೊಫೆಸರುಗಳು ಈ ಕಡೆಯವರನ್ನು ಲೆಕ್ಕಕ್ಕೇ ತಗೊಳ್ತಿರಲಿಲ್ಲ ಅಂತ. ಮಾನಸಗಂಗೋತ್ರಿ ಮತ್ತು ಆರ್‌ಐಇ ನಡುವಿನ ರಸ್ತೆ ಎಷ್ಟು ಅಗಲ, ಮೈಸೂರಿನವರೇ ಹೇಳಬೇಕು!

ನನ್ನ ಹೆಂಡತಿ ಕರ್ನಾಟಕದಲ್ಲಿ ಬಿಎಡ್ ಮಾಡಿದವಳು. ಅವಳ ಹಳೇ ನೋಟ್ಸು ನೋಡಿದರೆ ಅರ್ಧ ಪಠ್ಯ ಆ ಒಂದು ಬೀದಿಯಿಂದಲೇ ಬಂದಿದೆ. ಥಾರ್ನ್‌ಡೈಕ್‌ನ ಬೆಕ್ಕು ನೆನಪಿದೆಯಾ, ಪೆಟ್ಟಿಗೆಯಿಂದ ಹೊರಗೆ ಬರೋಕೆ ಒದ್ದಾಡುತ್ತೆ, ಪ್ರಯತ್ನ–ದೋಷ ಕಲಿಕೆ? ಅವರು 1899ರಿಂದ ಅಲ್ಲೇ ಪಾಠ ಮಾಡಿದವರು. "ಯೋಜನಾ ವಿಧಾನ" ಅಂತ ಎಲ್ಲ ಬಿಎಡ್ ಗೈಡುಗಳಲ್ಲೂ ಬರುತ್ತಲ್ಲ, ಅದರ ಬಗ್ಗೆ 1918ರಲ್ಲಿ ಬರೆದ ಕಿಲ್‌ಪ್ಯಾಟ್ರಿಕ್ ಅಲ್ಲಿಯವರೇ. ಜಾನ್ ಡ್ಯೂಯಿ 1904ರಲ್ಲಿ ಕೊಲಂಬಿಯಾಗೆ ಬಂದರು, ಬೀದಿ ದಾಟಿ ಇಲ್ಲೂ ಪಾಠ ಹೇಳ್ತಿದ್ದರು.

ಬಳಪ ಅವರ ಮಾತಿಗೆ ಬಂದರೆ, ಆ ಕಾಲೇಜಿನ ಪ್ರಸಿದ್ಧ ಹಳೆ ವಿದ್ಯಾರ್ಥಿಗಳಲ್ಲೂ ಅದೇ ಕಥೆ. ಶರ್ಲಿ ಚಿಸಮ್, ಅಮೆರಿಕದ ಕಾಂಗ್ರೆಸ್‌ಗೆ 1968ರಲ್ಲಿ ಆಯ್ಕೆಯಾದ ಮೊದಲ ಕಪ್ಪು ಮಹಿಳೆ. ಕಾರ್ಲ್ ರೋಜರ್ಸ್, ಮನಶ್ಶಾಸ್ತ್ರಜ್ಞ. ಜಾರ್ಜಿಯಾ ಓಕೀಫ್, ಚಿತ್ರ ಕಲಾವಿದೆ. ಹೆಸರಾದದ್ದು ಶಾಲೆ ಬಿಟ್ಟ ಮೇಲೆ.

ಒಬ್ಬರು ಮಾತ್ರ ಬೇರೆ ಥರ. ಚೀನಾದ ತಾವ್ ಶಿಂಗ್‌ಜಿ. ಮೊದಲ ಮಹಾಯುದ್ಧದ ಹೊತ್ತಿಗೆ ಅಲ್ಲಿ ಓದಿ ಊರಿಗೆ ವಾಪಸ್ ಹೋದರು. 1927ರಲ್ಲಿ ನಾನ್‌ಜಿಂಗ್ ಹೊರವಲಯದ ಹಳ್ಳಿಯಲ್ಲಿ ಶಿಕ್ಷಕರ ತರಬೇತಿ ಶಾಲೆ ತೆರೆದರು. ಅಲ್ಲಿ ವಿದ್ಯಾರ್ಥಿಗಳು ಓದಿನ ಜೊತೆ ಹೊಲದ ಕೆಲಸವನ್ನೂ ಮಾಡಬೇಕಿತ್ತು. 1930ರಲ್ಲಿ ಸರ್ಕಾರ ಅದನ್ನು ಮುಚ್ಚಿಸಿತು. ಆಮೇಲೆ ಅವರು ಪುಟಾಣಿ ಮೇಷ್ಟ್ರುಗಳ ಪದ್ಧತಿ ಹುಟ್ಟುಹಾಕಿದರು. ಶಾಲೆಯಲ್ಲಿ ಅಕ್ಷರ ಕಲಿತ ಮಗು ಮನೆಗೆ ಹೋಗಿ ಅಜ್ಜಿಗೆ, ಪಕ್ಕದ ಮನೆಯ ಕೂಲಿ ಹುಡುಗನಿಗೆ ಕಲಿಸಬೇಕು. ಕಾಸಿಲ್ಲದ ದೇಶಕ್ಕೆ ಟೀಚರುಗಳ ಕೊರತೆ ನೀಗೋ ದಾರಿ.

ಸುಣ್ಣದ ಕೇರಿ

ಅಂಬೇಡ್ಕರ್ ಕೂಡ ಅಲ್ಲೇ ಓದಿದ್ದಲ್ವಾ?

ಹಡ್ಸನ್ ಕನ್ನಡಿಗ

ಕೊಲಂಬಿಯಾದಲ್ಲಿ ಹೌದು, 1913ರಿಂದ 1916. ಟೀಚರ್ಸ್ ಕಾಲೇಜಲ್ಲಿ ಅಲ್ಲ, ಅವರದ್ದು ಅರ್ಥಶಾಸ್ತ್ರ. ಆದರೆ ಡ್ಯೂಯಿ ಅವರ ತರಗತಿಗಳಲ್ಲಿ ಕೂತಿದ್ದರು, ಆ ಪ್ರಭಾವ ಅವರ ಬರಹದಲ್ಲಿ ಕೊನೆವರೆಗೂ ಇದೆ. ಮೇಷ್ಟ್ರೊಬ್ಬರ ಸಾಧನೆಯ ಪಟ್ಟಿ ಮಾಡೋರು ಇಂಥದ್ದನ್ನೂ ಸೇರಿಸಬೇಕು ಅನ್ಸುತ್ತೆ.

ಸಾಧನಕೇರಿ ಮಂದಿ

ಏನ್ರಿ ಇದು, ಮೈಸೂರ ಆತು, ನ್ಯೂಯಾರ್ಕ ಆತು, ಧಾರವಾಡ ಯಾರಿಗೂ ನೆನಪ ಆಗ್ಲಿಲ್ಲೇನ?

ನಮ್ಮ ಟ್ರೇನಿಂಗ್ ಕಾಲೇಜ ಹತ್ತೊಂಬತ್ತನೇ ಶತಮಾನದ್ದು. ಆಗ ಮುಂಬೈ ಸರ್ಕಾರ. ಕನ್ನಡ ಮಾತಾಡೋ ಊರಾಗೂ ಸಾಲ್ಯಾಗ ಮರಾಠಿನ ನಡೀತಿತ್ತು. ಡೆಪ್ಯುಟಿ ಚನ್ನಬಸಪ್ಪನವರು (1834–1881) ಇಲ್ಲಿಯ ನಾರ್ಮಲ್ ಸ್ಕೂಲಿನ (ಮಾಸ್ತರ್‌ಗೋಳ ತರಬೇತಿ ಸಾಲಿ) ಮುಖ್ಯಸ್ಥರಾಗಿ, ಆಮ್ಯಾಲೆ ಶಿಕ್ಷಣ ಇಲಾಖೆಯ ಡೆಪ್ಯುಟಿ ಆಗಿ ಅದನ್ನ ತಿರುಗಿಸಿದ್ರು. ಕನ್ನಡ ಸಾಲಿ ತೆರಸೋದು ಒಂದ್ ಕೆಲಸ, ಅಲ್ಲೆ ಕಲಸಾಕ ಕನ್ನಡ ಮಾಸ್ತರ್‌ನ ತಯಾರ ಮಾಡೋದು ಇನ್ನೊಂದ. ಎರಡನೇದ್ದ ಇರಲಿಲ್ಲಂದ್ರ ಮೊದಲನೇದ್ದ ನಾಕ ದಿನಾನೂ ನಿಲ್ಲತಿರಲಿಲ್ಲ. ಶೇಕ್ಸ್‌ಪಿಯರನ ನಾಟಕಾನ "ನಗದವರನ್ನು ನಗಿಸುವ ಕಥೆ" ಅಂತ ಕನ್ನಡಕ್ಕ ತಂದವರೂ ಅವರ.

ಅದ ಹೊತ್ತಿನ್ಯಾಗ, 1860ರ ದಶಕದಾಗ, ಮಾಸ್ತರ್‌ಗೋಳ ಸಲುವಾಗಿ "ಮಠಪತ್ರಿಕೆ" ಶುರು ಆತು. ಅದ ಹೆಸರು ಬದಲಿಸಿಕೋತ ಬಂದು "ಜೀವನ ಶಿಕ್ಷಣ" ಆತು. ನಮ್ಮಪ್ಪ ಪ್ರಾಥಮಿಕ ಸಾಲಿ ಮಾಸ್ತರ. ಜೀವನ ಶಿಕ್ಷಣ ಸಂಚಿಕಿ ಮನ್ಯಾಗ ಟ್ರಂಕಿನ ತುಂಬ ಇದ್ದು. ಹಳ್ಳಿ ಮಾಸ್ತರ ತನ್ನ ಸಾಲ್ಯಾಗ ಏನ ಮಾಡಿದೆ ಅಂತ ಬರದು ಕಳಸ್ತಿದ್ದ, ಅಚ್ಚಾಗ್ತಿತ್ತು. ಬಳಪ ಅಕ್ಕಾರ, ನೀವು ಕೇಳೋ ಪಟ್ಟಿ ಅದರಾಗ ಸಿಗತದ ನೋಡ್ರಿ. ತಹಶೀಲ್ದಾರ್ ಆದವರ ಹೆಸರಲ್ಲ, ಕಾಗುಣಿತ ಹೆಂಗ ಕಲಿಸಿದೆ ಅಂತ ಬರದವರ ಹೆಸರು.

ಬಳಪ

ಅಣ್ಣಾ, ಇದಕ್ಕೆ ನನ್ನ ಕಡೆಯಿಂದ ಒಂದು ಕಿಲೋ ಫೇಡಾ.

ನೇರ ಮಾತು

ಎಲ್ಲರೂ ಹೊಗಳ್ತಾ ಇದ್ದೀರಿ, ಸ್ವಲ್ಪ ಖಾರ ಬೀಳಲಿ. ಆರ್‌ಐಇ, ಧಾರವಾಡ ಇವೆಲ್ಲ ಬೆರಳೆಣಿಕೆಯವು. ಉಳಿದವು? ಅಡ್ಮಿಷನ್ ಆದ ಮೇಲೆ ಪರೀಕ್ಷೆಗೆ ಬಂದರೆ ಸಾಕು, ಹಾಜರಾತಿ "ಅಡ್ಜಸ್ಟ್" ಮಾಡ್ತೀವಿ ಅನ್ನೋ ಕಾಲೇಜುಗಳನ್ನು ನಾವೆಲ್ಲ ನೋಡಿದ್ದೀವಿ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾ. ಜೆ.ಎಸ್. ವರ್ಮಾ ಆಯೋಗ 2012ರಲ್ಲೇ ವರದಿ ಕೊಟ್ಟು ಶಿಕ್ಷಕರ ಕಾಲೇಜುಗಳಲ್ಲಿ ಬಹುಪಾಲು ಖಾಸಗಿಯವು, ಗುಣಮಟ್ಟ ಕುಸಿದಿದೆ ಅಂತ ಹೇಳಿತ್ತು. ಅದರ ಬೆನ್ನಿಗೇ ಶಿಕ್ಷಕರ ಕಾಲೇಜುಗಳನ್ನು ನಿಯಂತ್ರಿಸೋ ಎನ್‌ಸಿಟಿಇಯ 2014ರ ನಿಯಮ ಬಂತು. ಒಂದು ವರ್ಷದ ಬಿಎಡ್ ಎರಡು ವರ್ಷವಾಯ್ತು, ಶಾಲೆಯಲ್ಲಿ 20 ವಾರ ಕಳೆಯಬೇಕು ಅಂತಾಯ್ತು. ಕಾಗದದ ಮೇಲೆ 20 ವಾರ. ಎಷ್ಟೋ ಕಡೆ ಆ 20 ವಾರವೂ ಹೆಡ್‌ಮಾಸ್ಟರ ಸೀಲಿನಲ್ಲೇ ಮುಗಿದುಹೋಗುತ್ತೆ.

ಆದರೂ ಇಂಥ ಕಾಲೇಜುಗಳ ಸಾಧನೆಯ ಫ್ಲೆಕ್ಸು ನೋಡಿ: ನೂರಕ್ಕೆ ನೂರು ಫಲಿತಾಂಶ, ಇಷ್ಟು ರ‍್ಯಾಂಕು, ಇಷ್ಟು ಸಿಟಿಇಟಿ (ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸು. ಸಿಟಿಇಟಿಯಲ್ಲಿ 150ಕ್ಕೆ 90 ಬಂದವರು ಏಳನೇ ಕ್ಲಾಸಿಗೆ ಹೋಗಿ ಏನು ಮಾಡ್ತಾರೆ ಅಂತ ಯಾವ ಫ್ಲೆಕ್ಸೂ ಹೇಳಲ್ಲ.

ಒಂದು ಕಾಲದ ಡಿಎಂ ಅಲ್ಲದ ಡೆಮೊ ಮಗು

ಬಿಎಡ್ ಕಾಲೇಜಿನ ಜೊತೆಗಿದ್ದ ಶಾಲೆಯೊಂದರಲ್ಲಿ ಓದಿದವನು ನಾನು. (ಆರ್‌ಐಇ ಅಲ್ಲ.) ನಮ್ಮ ಮೇಲೆಯೇ ಪ್ರಶಿಕ್ಷಣಾರ್ಥಿಗಳ ಪ್ರಯೋಗವೆಲ್ಲ ನಡೆಯೋದು. ನಾವೇನು ಸಾಮಾನ್ಯದವರಾ, ಆರನೇ ಕ್ಲಾಸಿಗೇ ಪಳಗಿದ ಕುಳಗಳು. ರೋಲಪ್ ಬೋರ್ಡ್ ಹಿಡಿದುಕೊಂಡು ಹೊಸ ಅಕ್ಕ ಬಂದರೆ ಪೀಠಿಕೆಯ ಮೊದಲ ಪ್ರಶ್ನೆಯಲ್ಲೇ ಇವತ್ತಿನ ಪಾಠ ಯಾವುದು ಅಂತ ಗೊತ್ತಾಗಿಬಿಡ್ತಿತ್ತು. "ಮಕ್ಕಳೇ, ನೀವು ಬೆಳಗ್ಗೆ ಎದ್ದು ಏನು ಕುಡಿಯುತ್ತೀರಿ?" ಅಂದರೆ ಹಿಂದಿನ ಬೆಂಚಿನಿಂದ "ಮಿಶ್ರಣಗಳು ಮತ್ತು ದ್ರಾವಣಗಳು ಮಿಸ್" ಅಂತ ಒಬ್ಬ ಕೂಗ್ತಿದ್ದ. ಪಾಪ, ಅವರ ಪಾಠಯೋಜನೆಯ ಎರಡು ಪುಟ ಅಲ್ಲಿಗೇ ಗೋವಿಂದ.

ಮೇಲ್ವಿಚಾರಕರು ಕೆಂಪು ಪೆನ್ನು ಹಿಡಿದು ಹಿಂದೆ ಕೂತ ದಿನ ನಾವೆಲ್ಲ ಕೈ ಎತ್ತುತ್ತಿದ್ದೆವು, ಒಳ್ಳೆಯ ಅಕ್ಕನಾದರೆ. ಸಿಡುಕುವ ಅಣ್ಣನಾದರೆ ಮೌನ. ಅವರ ಅಂಕ ನಮ್ಮ ಕೈಯಲ್ಲಿತ್ತು ಅಂತ ನಮಗೆ ಚೆನ್ನಾಗಿ ಗೊತ್ತಿತ್ತು.

ಒಬ್ಬರು ಮಾತ್ರ ಆ ಲೆಕ್ಕಕ್ಕೆಲ್ಲ ಹೊರಗಿದ್ದರು. ಪಾಠದ ಮಧ್ಯೆ ಒಬ್ಬ ಹುಡುಗಿ "ಉಪ್ಪು ಕರಗಿ ಹೋದರೆ ಅದು ಎಲ್ಲಿಗೆ ಹೋಯ್ತು, ನೀರಿನ ಮಟ್ಟ ಯಾಕೆ ಅಷ್ಟು ಏರಲಿಲ್ಲ?" ಅಂತ ಕೇಳಿದಳು. ಯೋಜನೆಯಲ್ಲಿ ಇಲ್ಲದ ಪ್ರಶ್ನೆ, ಹಿಂದೆ ಮೇಲ್ವಿಚಾರಕರು. ಅವರು ಪಾಠಯೋಜನೆಯ ಪುಸ್ತಕ ಮಡಚಿಟ್ಟು ಒಂದು ಲೋಟ ನೀರು ತರಿಸಿದರು. ಉಳಿದ ಪೀರಿಯಡ್ ಪೂರ್ತಿ ಚಮಚ ಚಮಚ ಉಪ್ಪು ಹಾಕುತ್ತಾ ಗುರುತು ಮಾಡುತ್ತಾ ಕಳೆದೆವು. ಮೌಲ್ಯಮಾಪನ, ಮನೆಗೆಲಸ, ಕಪ್ಪುಹಲಗೆ ಸಾರಾಂಶ ಯಾವುದೂ ಆಗಲಿಲ್ಲ. ಅಂಕ ಎಷ್ಟು ಬಂತೋ ಗೊತ್ತಿಲ್ಲ. ಇಂಥದ್ದಕ್ಕೆ ಕಾಲೇಜು ಕಡಿಮೆ ಅಂಕ ಕೊಡುತ್ತಾ, ಜಾಸ್ತಿ ಕೊಡುತ್ತಾ ಅನ್ನೋದರಲ್ಲೇ ಆ ಕಾಲೇಜಿನ ಯೋಗ್ಯತೆ ತಿಳಿದುಹೋಗುತ್ತೆ ಅಂತ ನನ್ನ ಅಂಬೋಣ.

ಪಠ್ಯದ ಹುಳ

ಅಧ್ಯಾಪಕರ ಸಾಧನೆಗೆ ಇನ್ನೊಂದು ಜಾಗ ಹೇಳ್ತೀನಿ, ಯಾರೂ ನೋಡಲ್ಲ. ನಿಮ್ಮ ಮಗಳ ಪಿಯುಸಿ ಪುಸ್ತಕ ತೆಗೆಯಿರಿ. ನಮ್ಮ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ತಗೊಂಡಿದ್ದಾರಲ್ಲ. 2005ರ ಪಠ್ಯಕ್ರಮ ಚೌಕಟ್ಟಿನ ಮೇಲೆ ಬಂದ ಸಾಲಿನ ಮೊದಲ ಪುಟಗಳಲ್ಲಿ ಪಠ್ಯಪುಸ್ತಕ ರಚನಾ ಸಮಿತಿ ಅಂತ ಪಟ್ಟಿ ಇರುತ್ತೆ. ವಿಜ್ಞಾನ–ಗಣಿತದ ಸಲಹಾ ಸಮಿತಿಗೆ ಜಯಂತ ನಾರ್ಲೀಕರ್ ಅಧ್ಯಕ್ಷರು. ಕೆಳಗಿನ ಹೆಸರುಗಳನ್ನು ಬೆರಳಿಟ್ಟು ಓದುತ್ತಾ ಹೋದರೆ ಮೈಸೂರು, ಅಜ್ಮೀರ್, ಭೋಪಾಲ್ ಅಂತ ಆರ್‌ಐಇಗಳು ಮತ್ತೆ ಮತ್ತೆ ಸಿಗ್ತವೆ. ಒಂದು ಅಧ್ಯಾಯ ಬರೆದ ಅಧ್ಯಾಪಕರ ಮುಂದೆ ದೇಶದ ಲಕ್ಷಾಂತರ ಮಕ್ಕಳು ಕೂತ ಹಾಗೇ ಆಯ್ತಲ್ಲ. ಅದಕ್ಕೆ ಚಪ್ಪಾಳೆ ಇಲ್ಲ, ತಪ್ಪು ಇದ್ದರೆ ಮಾತ್ರ ಪೇಪರಲ್ಲಿ ಸುದ್ದಿ.

ಬಳಪ ಮೇಡಂ ಹೇಳಿದ್ದಕ್ಕೆ ನನ್ನದು ಪೂರ್ತಿ ಒಪ್ಪಿಗೆ ಇಲ್ಲ. ತರಗತಿ ಬಿಟ್ಟು ಹೊರಗೆ ಹೋದ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಪಠ್ಯ ಬರೆಯೋರು, ಡಯಟ್‌ಗಳಲ್ಲಿ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಇರೋರು, ಪ್ರಶ್ನೆಪತ್ರಿಕೆ ತಯಾರು ಮಾಡೋರು, ಇವರೂ ತರಗತಿಗೇ ದುಡೀತಿದ್ದಾರೆ. ಅವರು ಒಮ್ಮೆ ಸುಣ್ಣದ ಧೂಳು ಕುಡಿದಿದ್ದರೆ ಪುಸ್ತಕ ಚೆನ್ನಾಗಿರುತ್ತೆ.

ಬಳಪ

ಇದನ್ನು ಒಪ್ಪಿದೆ. ಡಿವೈಎಸ್ಪಿಯವರನ್ನು ಮಾತ್ರ ಇನ್ನೂ ಒಪ್ಪಲ್ಲ 🙂

ನಿವೃತ್ತ ಬಿಇಒ

ಪ್ರಶಸ್ತಿಗಳ ಬಗ್ಗೆ ಒಂದು ಮಾತು. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಿಂದ ಇದೆ. ಈಗ 50 ಸಾವಿರ ರೂಪಾಯಿ, ಬೆಳ್ಳಿ ಪದಕ, ಪ್ರಶಸ್ತಿ ಪತ್ರ. ಮೊದಲು ಕೆಳಗಿನಿಂದ ಹೆಸರು ಶಿಫಾರಸಾಗಿ ಬರುತ್ತಿತ್ತು. ವಶೀಲಿ ಜಾಸ್ತಿ ಎಂಬ ದೂರಿತ್ತು. 2018ರಿಂದ ಶಿಕ್ಷಕರೇ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಫೋಟೊ, ವಿಡಿಯೊ, ದಾಖಲೆ ಎಲ್ಲ ಏರಿಸಬೇಕು. ಸುಧಾರಣೆ ಒಳ್ಳೆಯದೇ. ಆದರೆ ನಾನು ಕಂಡ ಅತ್ಯುತ್ತಮ ಶಿಕ್ಷಕಿಯೊಬ್ಬರಿಗೆ ಅರ್ಜಿ ಹಾಕಿ ಎಂದರೆ, "ನಾನು ಮಾಡಿದ ಪಾಠದ ವಿಡಿಯೊ ಯಾರು ತೆಗೀತಾರೆ ಸರ್, ಆ ಹೊತ್ತಲ್ಲಿ ನಾನು ಪಾಠ ಮಾಡ್ತಿರ್ತೀನಲ್ಲ" ಎಂದರು. ಅವರು ಯಾವ ಕಾಲೇಜಿನಲ್ಲಿ ಓದಿದವರು ಎಂದು ಆ ಕಾಲೇಜಿಗೂ ನೆನಪಿರಲಾರದು.

ಕಾಲೇಜುಗಳು ಒಂದು ಕೆಲಸ ಮಾಡಬಹುದು. ತಮ್ಮಲ್ಲಿ ಓದಿ ಐದು ವರ್ಷ ಪಾಠ ಮಾಡಿದವರನ್ನು ವರ್ಷಕ್ಕೊಮ್ಮೆ ಕರೆದು, ಸನ್ಮಾನ ಬೇಡ, ಶಾಲು ಹಾರವೂ ಬೇಡ, ಈಗಿನ ವಿದ್ಯಾರ್ಥಿಗಳ ಮುಂದೆ ಒಂದು ಪಾಠ ಮಾಡಿಸಲಿ. ನಾವು ಕಲಿಸಿದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಎಂದು ಕೇಳಲಿ.

ಹೇಮಾವತಿ ದಂಡೆ

ಇಷ್ಟೆಲ್ಲ ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಗ್ರಾಫ್ ವಿಷಯ ಮಗಳಿಗೆ ತೋರಿಸಿದೆ, ಹಾಳೆ ತುಂಬ ಉಂಗುರ ಬರೀತಾ ಕೂತಿದ್ದಾಳೆ. ಒಂದು ವ್ಯವಹಾರದ ಪ್ರಶ್ನೆ. ಬಿಎಡ್ ಮಾಡಿದವರಿಗೆ ಪ್ರಾಥಮಿಕ ಶಾಲೆ ಕೆಲಸ ಇಲ್ಲ ಅಂತ ಕೋರ್ಟ್ ಹೇಳಿದೆಯಂತೆ, ನಾಲ್ಕು ವರ್ಷದ ಕೋರ್ಸಿಗೂ ಅದು ತಗುಲುತ್ತಾ?

ಗಂಗೋತ್ರಿ ಕ್ಯಾಂಟೀನ್

2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1ರಿಂದ 5ನೇ ತರಗತಿಯ ಬಗ್ಗೆ ಸರ್. ಅದಕ್ಕೆ ಬಿಎಡ್ ಸಾಲದು, ಆ ವಯಸ್ಸಿನ ಮಕ್ಕಳಿಗೆಂದೇ ಇರುವ ಡಿಎಲ್‌ಎಡ್ ಥರದ ತರಬೇತಿ ಬೇಕು ಅಂತ. 6ರಿಂದ ಮೇಲಕ್ಕೆ ತೊಂದರೆ ಇಲ್ಲ. ವಿಜ್ಞಾನ ಓದಿ ಹೈಸ್ಕೂಲಿಗೆ ಹೋಗೋರಿಗೆ ಇದರಿಂದ ಏನೂ ಆಗಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯಗಳಲ್ಲಿ ಆರ್‌ಐಇ ಮಕ್ಕಳು ಬೇಕಾದಷ್ಟಿದ್ದಾರೆ. ಎಂಎಸ್ಸಿ ಮಾಡಿ ಸಂಶೋಧನೆಗೆ ಹೋದವರೂ ಇದ್ದಾರೆ.

ಈಗ ಹಳೇ ಬಿಎಸ್ಸಿ–ಬಿಎಡ್ ಜಾಗಕ್ಕೆ ಐಟಿಇಪಿ ಅನ್ನೋ ನಾಲ್ಕು ವರ್ಷದ ಹೊಸ ಸಂಯೋಜಿತ ಕೋರ್ಸ್ ಬರ್ತಿದೆ. 2023–24ರಲ್ಲಿ ದೇಶದ 57 ಸಂಸ್ಥೆಗಳಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿದರು, ಅದಕ್ಕೆ ಎನ್‌ಟಿಎ ಪ್ರತ್ಯೇಕ ಪ್ರವೇಶ ಪರೀಕ್ಷೆ ನಡೆಸುತ್ತೆ. ಈ ಸಾಲಿಗೆ ಯಾವ ಕೋರ್ಸು, ಯಾವ ಹಂತದ ತರಗತಿಗೆ ಅನ್ನೋದನ್ನು ಅಧಿಸೂಚನೆಯಲ್ಲೇ ನೋಡಿಕೊಳ್ಳಿ, ವಾಟ್ಸ್‌ಆ್ಯಪ್ ನಂಬಬೇಡಿ.

ನೇರ ಮಾತು

ಸೇರಿಸೋ ಮುಂಚೆ ಒಂದು ದಿನ ಹೋಗಿ ಬನ್ನಿ ಸರ್, ಇದಾಗಲಿ ಇನ್ಯಾವ ಕಾಲೇಜಾಗಲಿ. ಆಫೀಸಲ್ಲಿ ಫಲಿತಾಂಶ ಕೇಳಬೇಡಿ, ಅದು ಎಲ್ಲ ಕಡೆ ಚೆನ್ನಾಗೇ ಇರುತ್ತೆ. ಕೊನೆಯ ವರ್ಷದ ಮಕ್ಕಳನ್ನು ಹಿಡಿದು, ನಿಮ್ಮನ್ನು ಯಾವ ಶಾಲೆಗೆ ಕಳಿಸಿದ್ರು, ನಿಮ್ಮ ಪಾಠ ನೋಡೋಕೆ ಮೇಷ್ಟ್ರು ನಿಜವಾಗಲೂ ಬಂದ್ರಾ, ಬಂದು ಏನಂದ್ರು ಅಂತ ಕೇಳಿ. ಮೂರನೇ ಪ್ರಶ್ನೆಗೆ ಉತ್ತರ ಹೇಳೋಕೆ ಅವರು ತಡಕಾಡಿದರೆ ಬಸ್ ಹತ್ತಿ ವಾಪಸ್ ಬನ್ನಿ.

ಬಳಪ

ನಿವೃತ್ತ ಗಣಿತ ಸರ್, ನಿಮ್ಮ ಉಂಗುರವನ್ನು ಇವತ್ತು ಎಂಟನೇ ಕ್ಲಾಸಲ್ಲಿ ಹಾಕಿದೆ. ಐದು ಚುಕ್ಕಿ ಕೊಟ್ಟು ಪಕ್ಕಪಕ್ಕದವಕ್ಕೆ ಒಂದೇ ಬಣ್ಣ ಬರಬಾರದು, ಎರಡೇ ಬಣ್ಣದಲ್ಲಿ ಮುಗಿಸಿ ಅಂದೆ. ಕಚ್ಚಾಡಿಕೊಂಡು ಆಗಲ್ಲ ಅಂದರು. ಆರಕ್ಕೆ ಎರಡರಲ್ಲೇ ಆಯ್ತು, ಏಳಕ್ಕೆ ಮತ್ತೆ ಮೂರು. "ಸರಿ ಸಂಖ್ಯೆಗೆ ಎರಡು, ಬೆಸಕ್ಕೆ ಮೂರು" ಅಂತ ಅವರೇ ಕಂಡುಹಿಡಿದರು. ಯಾಕೆ ಅಂತಲೂ ಒಬ್ಬ ಹೇಳಿದ: ಬಣ್ಣ ಒಂದು ಬಿಟ್ಟು ಒಂದು ಹಾಕ್ತಾ ಬಂದರೆ ಕೊನೆಯದು ಮೊದಲನೆಯದಕ್ಕೆ ಡಿಕ್ಕಿ ಹೊಡೆಯುತ್ತೆ ಅಂತ. ಆಮೇಲೆ ಒಬ್ಬಳು ಎದ್ದು, "ಮಿಸ್, ಮೂರೂ ಬೆಸ ತಾನೇ? ನೀವು ಐದರಿಂದ ಯಾಕೆ ಶುರು ಮಾಡಿದ್ರಿ, ಮೂರನ್ನ ಯಾಕೆ ಬಿಟ್ರಿ?" ಅಂದಳು. ನಾಳೆ ಹೇಳ್ತೀನಿ ಅಂತ ಬಂದಿದ್ದೀನಿ. ಈಗ ನೀವೇ ಹೇಳಿ.

ನಿವೃತ್ತ ಗಣಿತ

ಆ ಹುಡುಗಿಗೆ ನನ್ನ ನಮಸ್ಕಾರ ಹೇಳಿ, ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾಳೆ. ಮೂರು ಚುಕ್ಕಿಯ ಉಂಗುರದಲ್ಲಿ ಎಲ್ಲಕ್ಕೂ ಎಲ್ಲದರ ಜೊತೆ ಗೆರೆ ಇದೆ. ಹಾಗಾಗಿ ಅಲ್ಲಿ ದೊಡ್ಡ ಗುಂಪೇ ಮೂರರದ್ದು, ಬಣ್ಣವೂ ಮೂರು. ಲೆಕ್ಕ ಸರಿಹೋಯಿತು, ತಕರಾರಿಲ್ಲ. ಐದರಲ್ಲಿ ಗುಂಪು ಎರಡರದ್ದೇ, ಬಣ್ಣ ಮೂರು. ಬೆರ್ಜ್ ಐದರಿಂದ ಶುರು ಮಾಡಿದ್ದೂ ಅದಕ್ಕೇ. ನಾಳೆ ಉತ್ತರ ಹೇಳಿಬಿಡಬೇಡಿ ಮೇಡಂ. ಮೂರು, ಐದು ಎರಡನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದು, ಪರಸ್ಪರ ಎಲ್ಲ ಗೆರೆಯೂ ಇರುವ ಗುಂಪು ಎಷ್ಟು ದೊಡ್ಡದು ಎಂದು ಅವಳನ್ನೇ ಕೇಳಿ. ಅವಳೇ ಹೇಳುತ್ತಾಳೆ.